ಗಾಳಿ ಹೇಳುವವರ ಬೆನ್ನು ಹತ್ತಿ ಏಳು ದಿನ

ದಿನ 1: ಡೆನ್ವರ್‌ನಿಂದ ಗ್ಲೆನ್‌ವುಡ್ ಸ್ಪ್ರಿಂಗ್ಸ್

ಚಿಕ್ಕಪ್ಪನ ಮಗನಿಗೆ ನಾನು ಹೇಳಿದ್ದು ಇಷ್ಟೇ: ರಾಕಿ ಪರ್ವತದ ಕಡೆ ಒಂದು ವಾರ ಸುತ್ತಿ ಬರೋಣ, ಕಾರು ನೀನು ಓಡಿಸು, ಪೆಟ್ರೋಲು ನನ್ನದು. ಸುಳ್ಳೇನಲ್ಲ. ಆದರೆ ಎಲ್ಲೆಲ್ಲಿ ನಿಲ್ಲುತ್ತೇವೆ ಅನ್ನುವುದನ್ನು ಡೆನ್ವರ್ ದಾಟಿದ ಮೇಲೆ ಬಾಯಿ ಬಿಟ್ಟೆ. ಮೊದಲು ಒಂದು ಸುಟ್ಟ ಗುಡ್ಡ. ಆಮೇಲೆ ಒಂದು ಸರಕಾರಿ ಆವರಣ. ಕೊನೆಗೆ, ಒಳಗೆ ಬಿಟ್ಟರೆ, ಕಾಡ್ಗಿಚ್ಚು ಆರಿಸುವವರ ಕ್ಯಾಂಪು.

"ಅಣ್ಣಾ, ರಜೆ ಹಾಕಿ ಬಂದಿರೋದು ಇದಕ್ಕಾ?" ಅಂದ. ಮುಂದಿನ ಇಪ್ಪತ್ತು ಮೈಲಿ ಮಾತೇ ಇಲ್ಲ.

ನನಗೆ ಈ ಹುಚ್ಚು ಹತ್ತಿದ್ದು ಒಂದು ಪಟ್ಟಿಯಿಂದ. ಅಮೆರಿಕದಲ್ಲಿ ಕಾಡ್ಗಿಚ್ಚಿನ ಮುಂದೆ ನಿಲ್ಲುವವರಿಗೆ 1957ರಿಂದ ಹತ್ತು ಕಟ್ಟಳೆಗಳಿವೆ. ಪ್ರತಿಯೊಬ್ಬರಿಗೂ ಬಾಯಿಪಾಠ. ಮೊದಲನೆಯದು ನೀರಿನ ಬಗ್ಗೆಯೋ ಗುದ್ದಲಿ ಬಗ್ಗೆಯೋ ಇರಬಹುದು ಅಂದುಕೊಂಡಿದ್ದೆ. ಅದಲ್ಲ. ಬೆಂಕಿಯ ಹವಾಮಾನ ಹೇಗಿದೆ, ಮುನ್ಸೂಚನೆ ಏನಿದೆ, ಅದನ್ನು ಸದಾ ತಿಳಿದುಕೊಂಡಿರು ಅನ್ನುವುದು ಮೊದಲ ಕಟ್ಟಳೆ. ಹಾಗಾದರೆ ಆ ಗುಡ್ಡದ ಮೇಲೆ, ಆ ಹೊಗೆಯಲ್ಲಿ, ಅವರಿಗೆ ಅದನ್ನು ಹೇಳುವವರು ಯಾರು?

ಹೇಳುವವರಿದ್ದಾರೆ. ಅವರನ್ನು ಐಮೆಟ್ ಅಂತಾರೆ. ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆಗೆ ದೇಶದ ತುಂಬ 122 ಮುನ್ಸೂಚನೆ ಕಚೇರಿಗಳಿವೆ. ಅಲ್ಲಿ ದಿನವೂ ಮಳೆ, ಹಿಮ, ಸೆಕೆ ಅಂತ ಬರೆಯುವವರಲ್ಲೇ ಕೆಲವರು ಬೆಂಕಿಯ ತರಬೇತಿ ಪಡೆದಿರುತ್ತಾರೆ. ದೊಡ್ಡ ಬೆಂಕಿ ಎದ್ದಾಗ ಕರೆ ಬರುತ್ತದೆ. ಲ್ಯಾಪ್‌ಟಾಪು, ಸ್ಯಾಟಲೈಟ್ ಸಂಪರ್ಕದ ಪೆಟ್ಟಿಗೆ, ಮಲಗುವ ಚೀಲ ಹೊತ್ತು ಹೊರಡಬೇಕು. ಸಾಮಾನ್ಯವಾಗಿ ಎರಡು ವಾರ ಅಲ್ಲೇ ವಾಸ.

ಐಸೆನ್‌ಹೋವರ್ ಸುರಂಗ 11,000 ಅಡಿಗಿಂತ ಎತ್ತರದಲ್ಲಿದೆ. ಅಲ್ಲಿಂದ ಇಳಿದು ಗ್ಲೆನ್‌ವುಡ್ ಕಣಿವೆ ಹೊಕ್ಕಾಗ ತಮ್ಮನ ಮುಖ ಸಡಿಲವಾಯಿತು. ಎರಡೂ ಕಡೆ ಕಲ್ಲಿನ ಗೋಡೆ, ಕೆಳಗೆ ಕೊಲರಾಡೊ ನದಿ, ಅದಕ್ಕೆ ಅಂಟಿಕೊಂಡಂತೆ ಹೆದ್ದಾರಿ. ಗೋಡೆಯ ತಲೆಯ ಮೇಲೆ ಕಪ್ಪು ಕಡ್ಡಿ ನೆಟ್ಟ ಹಾಗೆ ಸುಟ್ಟ ಮರಗಳು. 2020ರ ಆಗಸ್ಟಿನಲ್ಲಿ ಗ್ರಿಜ್ಲಿ ಕ್ರೀಕ್ ಬೆಂಕಿ ಇಲ್ಲಿ 32,000 ಎಕರೆ ದಾಟಿತ್ತು. ಎರಡು ವಾರ ಹೆದ್ದಾರಿಯೇ ಬಂದ್. ಮರುವರ್ಷ ಮಳೆ ಬಂದಾಗ, ಹಿಡಿದುಕೊಳ್ಳಲು ಬೇರಿಲ್ಲದ ಮಣ್ಣು ರಸ್ತೆಗೆ ಇಳಿದು ಮತ್ತೆ ಬಂದ್.

ಸಂಜೆ ಊರಿನ ಟೂ ರಿವರ್ಸ್ ಪಾರ್ಕಿನಲ್ಲಿ ಕೂತೆವು. ಎರಡು ನದಿ ಕೂಡುವ ಜಾಗ. ಅಲ್ಲೊಂದು ಸ್ಮಾರಕ, ಹದಿನಾಲ್ಕು ಹೆಸರು. ತಮ್ಮ ಒಂದೊಂದೇ ಓದಿದ. "ಇವರೆಲ್ಲ ಒಂದೇ ದಿನನಾ?" ಅಂದ. ಬೆಳಗ್ಗೆ ಐದಕ್ಕೆ ಅಲಾರಂ ಇಟ್ಟವನು ಅವನೇ.

ದಿನ 2: ಸ್ಟಾರ್ಮ್ ಕಿಂಗ್

ಸ್ಟಾರ್ಮ್ ಕಿಂಗ್ ಅನ್ನುವ ಬೆಟ್ಟ, ಊರಿನಿಂದ ಪಶ್ಚಿಮಕ್ಕೆ ಕೆಲವು ಮೈಲಿ. ಹೆದ್ದಾರಿ ಪಕ್ಕದ ಸಣ್ಣ ರಸ್ತೆಯ ಕೊನೆಯಲ್ಲಿ ಕಾರು ನಿಲ್ಲಿಸಿ ಹತ್ತಲು ಶುರು. ಕಡಿದಾದ ದಾರಿ. ಬೇಕಂತಲೇ ಹಾಗೆ ಬಿಟ್ಟಿದ್ದಾರೆ. ಸತ್ತವರ ಮನೆಯವರೂ ಜೊತೆಗಾರರೂ ನಡೆದು ನಡೆದು ಆದ ಜಾಡನ್ನೇ ಸ್ವಯಂಸೇವಕರು ದಾರಿ ಮಾಡಿದ್ದು. ಇಲ್ಲಿ ಕೆಲಸ ಮಾಡಿದವರ ಕಾಲಿಗೆ ಹೇಗಿತ್ತೋ ಅದು ನಿಮಗೂ ಸ್ವಲ್ಪ ಗೊತ್ತಾಗಲಿ ಅನ್ನುವ ಲೆಕ್ಕ. ಅರ್ಧ ಮೈಲಿಗೇ ನನಗೆ ಬೇಕಾದಷ್ಟು ಗೊತ್ತಾಯಿತು.

1994ರ ಜುಲೈ 2ರಂದು ಸಿಡಿಲಿನಿಂದ ಹತ್ತಿದ ಬೆಂಕಿ. ದಾಖಲೆಯಲ್ಲಿ ಅದರ ಹೆಸರು ಸೌತ್ ಕ್ಯಾನ್ಯನ್. ಆ ಹೆಸರಿನ ಕಮರಿ ಬೇರೆ ಕಡೆ ಇದೆ, ಮೊದಲ ವರದಿಯಲ್ಲಿ ಹಾಗೆ ದಾಖಲಾಗಿ ಹಾಗೇ ಉಳಿದುಬಿಟ್ಟಿತು. ಶುರುವಿನಲ್ಲಿ ಯಾರೂ ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ. ಕೊಲರಾಡೊ ತುಂಬ ಬೆಂಕಿಗಳಿದ್ದವು, ಇದು ಸಣ್ಣದು. ಜುಲೈ 6ರ ಹೊತ್ತಿಗೆ ಗುಡ್ಡದ ಮೇಲೆ 49 ಜನ ಇದ್ದರು. ಕೆಲವರು ಪಶ್ಚಿಮದ ಇಳಿಜಾರಿನಲ್ಲಿ ಗಿಡ ಕಡಿದು, ನೆಲ ಕೆರೆದು ಬೆಂಕಿ ರೇಖೆ ಮಾಡುತ್ತಾ ಕೆಳಮುಖವಾಗಿ ಇಳಿಯುತ್ತಿದ್ದರು. ಮಧ್ಯಾಹ್ನ ಮೂರೂ ಕಾಲರ ನಂತರ ಒಣ ಕೋಲ್ಡ್ ಫ್ರಂಟ್, ಅಂದರೆ ನುಗ್ಗಿ ಬರುವ ತಣ್ಣನೆ ಗಾಳಿಯ ಅಂಚು, ಬಂದು ಮುಟ್ಟಿತು. ಮಳೆಯಿಲ್ಲ, ಬರೀ ಗಾಳಿ. ನದಿಯ ಕಮರಿಗೆ ನುಗ್ಗಿದ ಗಾಳಿ ಈ ಸೀಳಿನೊಳಗೆ ತಿರುಗಿ ಮೇಲಕ್ಕೆ ಹೊಡೆಯಿತು. ನಾಲ್ಕರ ಸುಮಾರಿಗೆ ಬೆಂಕಿ ಅವರ ಕೆಳಗೆ ದಾಟಿಕೊಂಡು, ಅಲ್ಲಿಂದ ಮೇಲಕ್ಕೆ ಓಡಿತು.

ಬೆಂಕಿ ಏರಿನಲ್ಲಿ ಜೋರಾಗಿ ಓಡುತ್ತದೆ. ಮನುಷ್ಯ ಏರಿನಲ್ಲಿ ನಿಧಾನ. ಈ ಎರಡು ಮಾತನ್ನು ಪುಸ್ತಕದಲ್ಲಿ ಓದುವುದು ಒಂದು. ಆ ಇಳಿಜಾರಿನಲ್ಲಿ ಬಗ್ಗಿ, ಕೈ ನೆಲಕ್ಕೆ ಊರಿ, ಮುಂದಿನ ಹೆಜ್ಜೆಗೆ ಜಾಗ ಹುಡುಕುತ್ತಾ ಯೋಚಿಸುವುದು ಇನ್ನೊಂದು. ಹದಿನಾಲ್ಕು ಜನ ಬಿದ್ದ ಕಡೆಯಲ್ಲೆಲ್ಲ ಒಂದೊಂದು ಗುರುತಿದೆ. ಕೆಲವು ಗುರುತಿನಿಂದ ದಿಣ್ಣೆಯ ಅಂಚು ಕಣ್ಣಿಗೆ ಕಾಣುತ್ತದೆ. ಸುತ್ತ ಗ್ಯಾಂಬೆಲ್ ಓಕ್ ಅನ್ನುವ ಆಳೆತ್ತರದ ಪೊದೆ, ಹಸಿರು, ಒತ್ತಾಗಿ. ಹಸಿರು ಗಿಡ ಸುಡುವುದಿಲ್ಲ ಅನ್ನುವ ನಂಬಿಕೆ ಇಲ್ಲಿಗೆ ಬಂದರೆ ಹೋಗುತ್ತದೆ. ಅವತ್ತು ಇದೇ ಪೊದೆ 200 ಅಡಿಗೂ ಎತ್ತರದ ಜ್ವಾಲೆ ಎಬ್ಬಿಸಿತ್ತು.

ನಾನು ಇಲ್ಲಿಗೆ ಬಂದದ್ದು ಇನ್ನೊಂದು ಕಾರಣಕ್ಕೆ. ಆ ಗಾಳಿ ಹೇಳದೆ ಕೇಳದೆ ಬಂದದ್ದಲ್ಲ. ಕೋಲ್ಡ್ ಫ್ರಂಟ್ ಬರುತ್ತದೆ, ಗಾಳಿ ಜೋರಾಗುತ್ತದೆ ಎಂದು ಹವಾಮಾನ ಕಚೇರಿ ಮೊದಲೇ ರೆಡ್ ಫ್ಲ್ಯಾಗ್ ಅನ್ನುವ ಬೆಂಕಿ ಹವಾಮಾನದ ಎಚ್ಚರಿಕೆ ಕೊಟ್ಟಿತ್ತು. ಮುನ್ಸೂಚನೆ ಸರಿಯಾಗಿಯೇ ಇತ್ತು. ಗುಡ್ಡದ ಮೇಲೆ ರೇಖೆ ಕೆರೆಯುತ್ತಿದ್ದವರ ಕಿವಿಗೆ ಅದು ಬೀಳಲಿಲ್ಲ. ತನಿಖೆಯಲ್ಲಿ ಇದು ಬರೆದಿದೆ. ಮುನ್ಸೂಚನೆ ತಪ್ಪಿ ಜನ ಸತ್ತರೆ ಒಂದು ಬಗೆಯ ದುಃಖ. ಸರಿಯಾದ ಮಾತು ಕಾಗದದಲ್ಲೇ ಕೂತಿತ್ತು ಅಂದರೆ ಹೊಟ್ಟೆಯೊಳಗೆ ಏನೋ ತಿರುಚಿದಂತಾಗುತ್ತದೆ.

"ಫೋನ್ ಇರಲಿಲ್ವಾ?" ಅಂದ ತಮ್ಮ.

"ರೇಡಿಯೊ ಇತ್ತು."

ಅವನು ಮತ್ತೆ ಕೇಳಲಿಲ್ಲ. ಒಂದು ಗುರುತಿನ ಹತ್ತಿರ ಯಾರೋ ಟೋಪಿ ಇಟ್ಟು ಹೋಗಿದ್ದರು. ಬಿಸಿಲಿಗೆ ಬಣ್ಣ ಹೋಗಿತ್ತು. ಕೆಳಗೆ ಹೆದ್ದಾರಿಯ ಲಾರಿಗಳ ಸದ್ದು ಇಲ್ಲಿಯವರೆಗೂ ಕೇಳುತ್ತದೆ, ಅದೇ ವಿಚಿತ್ರ ಅನ್ನಿಸಿತು. ಅಷ್ಟು ಹತ್ತಿರ.

ದಿನ 3: ರಸ್ತೆ

600 ಮೈಲಿಗೂ ಜಾಸ್ತಿ. ಯೂಟಾ ದಾಟಿ ಐಡಾಹೊದ ಬಾಯ್ಸಿಗೆ. ಒಣ ಬಯಲು, ಮತ್ತೆ ಒಣ ಬಯಲು. ಒಂದು ಕಡೆ ದೂರದಲ್ಲಿ ಮೋಡದ ಹೊಟ್ಟೆಯಿಂದ ಮಳೆ ಜೋಲುತ್ತಿತ್ತು, ನೆಲ ಮುಟ್ಟುತ್ತಿರಲಿಲ್ಲ. ಗಾಳಿಯಲ್ಲೇ ಆರಿ ಹೋಗುವ ಮಳೆ ಅದು. ನೋಡಲು ಬಲು ಚೆಂದ. ಹನಿ ಆರುವಾಗ ಸುತ್ತಲಿನ ಗಾಳಿ ತಂಪಾಗಿ ಭಾರವಾಗುತ್ತದೆ, ಕಲ್ಲಿನ ಹಾಗೆ ಕೆಳಗೆ ಬೀಳುತ್ತದೆ, ನೆಲಕ್ಕೆ ಬಡಿದು ನಾಲ್ಕೂ ಕಡೆ ಚೆಲ್ಲುತ್ತದೆ. 2013ರ ಜೂನ್ 30ರಂದು ಅರಿಜೋನಾದ ಯಾರ್ನೆಲ್ ಹಿಲ್‌ನಲ್ಲಿ ಗ್ರಾನೈಟ್ ಮೌಂಟನ್ ಹಾಟ್‌ಶಾಟ್ ಅನ್ನುವ, ಕಾಡ್ಗಿಚ್ಚು ಆರಿಸುವ ನುರಿತ ತಂಡದ 19 ಜನರನ್ನು ಬೆಂಕಿ ಸುತ್ತುವರಿದದ್ದು ಗುಡುಗುಮೋಡ ಹೀಗೆ ಚೆಲ್ಲಿದ ಗಾಳಿಯಿಂದಲೇ. ಗಾಳಿಯ ದಿಕ್ಕು ತಿರುಗಿತು, ಬೆಂಕಿಯೂ ತಿರುಗಿತು.

ಗಾಳಿ ಬಂದಾಗ ತೂರಿಕೋ ಅನ್ನುತ್ತೇವೆ. ಅದು ಕಣದ ಮಾತು. ಇಲ್ಲಿ ಗಾಳಿ ಬರುವ ಮೊದಲೇ ಜಾಗ ಬಿಟ್ಟಿರಬೇಕು.

ದಿನ 4: ಬಾಯ್ಸ್

ವಿಮಾನ ನಿಲ್ದಾಣಕ್ಕೆ ಅಂಟಿಕೊಂಡೇ ರಾಷ್ಟ್ರೀಯ ಅಗ್ನಿ ಕೇಂದ್ರ ಇದೆ. ಕಾಡು ಇಲಾಖೆ, ಭೂ ಇಲಾಖೆ, ಹವಾಮಾನದವರು ಒಂದೇ ಸೂರಿನಡಿ ಕೂತರೆ ಒಳ್ಳೆಯದು ಅಂತ 1965ರಲ್ಲಿ ಶುರುವಾದದ್ದು. ಬೇಸಗೆಯಲ್ಲಿ ದೇಶದ ಯಾವ ಮೂಲೆಗೆ ಯಾವ ತಂಡ, ಯಾವ ವಿಮಾನ ಹೋಗಬೇಕು ಅನ್ನುವುದನ್ನು ಇಲ್ಲಿ ಹೊಂದಿಸುತ್ತಾರೆ. ದೇಶದ ಬೆಂಕಿ ಪರಿಸ್ಥಿತಿಗೆ 1ರಿಂದ 5ರವರೆಗೆ ಒಂದು ಅಂಕಿ ಇದೆ. ನಾವು ಹೋದ ದಿನ 4 ಇತ್ತು. 5ಕ್ಕೆ ಹೋದರೆ ಪ್ರವಾಸಿಗರ ಜೊತೆ ಮಾತಾಡಲು ಯಾರಿಗೂ ಪುರುಸೊತ್ತು ಇರುವುದಿಲ್ಲ ಅಂತ ನಮ್ಮನ್ನು ಕರೆದುಕೊಂಡು ಹೋದವರು ನಕ್ಕರು.

ನನಗೆ ಇಷ್ಟವಾದದ್ದು ರಾಸ್ ಕೇಂದ್ರಗಳನ್ನು ರಿಪೇರಿ ಮಾಡುವ ಜಾಗ. ಕಾಡಿನ ದಿಣ್ಣೆಗಳ ಮೇಲೆ ಒಂಟಿಯಾಗಿ ನಿಂತು ಗಾಳಿ, ಬಿಸಿ, ತೇವಾಂಶ ಅಳೆದು ಗಂಟೆಗೊಮ್ಮೆ ಸ್ಯಾಟಲೈಟ್ ಮೂಲಕ ಕಳಿಸುವ ಪುಟ್ಟ ಯಂತ್ರಗಳಿಗೆ ರಾಸ್ ಅಂತಾರೆ. ದೇಶದಲ್ಲಿ 2,000ಕ್ಕೂ ಜಾಸ್ತಿ ಇವೆ. ಇಲ್ಲಿ ಅವನ್ನು ಬಿಚ್ಚಿ, ಒರೆಸಿ, ಸರಿಯಾಗಿ ಅಳೆಯುತ್ತವೋ ಇಲ್ಲವೋ ನೋಡಿ ವಾಪಸ್ ಕಳಿಸುತ್ತಾರೆ.

ಅಲ್ಲಿನ ಹಿರಿಯರೊಬ್ಬರು ಮೇಜಿನ ಡ್ರಾಯರಿನಿಂದ ಒಂದು ಮರದ ಪಟ್ಟಿ ತೆಗೆದು ನನ್ನ ಕೈಗೆ ಕೊಟ್ಟರು. ಪಾಂಡೆರೋಸಾ ಪೈನ್ ಮರದ, ಅರ್ಧ ಇಂಚು ದಪ್ಪದ ಉರುಟು ಕಡ್ಡಿಗಳನ್ನು ಪಕ್ಕಪಕ್ಕ ಜೋಡಿಸಿ ಕಟ್ಟಿದ್ದು. "ಇದರ ತೂಕ ಎಷ್ಟು ಹೇಳಿ ನೋಡೋಣ," ಅಂದರು. ಗೊತ್ತಿಲ್ಲ ಅಂದೆ. ಒಲೆಯಲ್ಲಿಟ್ಟು ಪೂರ್ತಿ ಒಣಗಿಸಿದಾಗ ಸರಿಯಾಗಿ 100 ಗ್ರಾಂ ಬರುವ ಹಾಗೆ ಕತ್ತರಿಸಿರುತ್ತಾರಂತೆ. ಆಮೇಲೆ ಅದನ್ನು ಕಾಡಿನಲ್ಲಿ ಬಯಲಿಗಿಡುವುದು. ಮಧ್ಯಾಹ್ನ ತಕ್ಕಡಿಗೆ ಹಾಕಿದರೆ 108 ಗ್ರಾಂ ಬಂತು ಅನ್ನಿ, ಕಡ್ಡಿಯೊಳಗೆ ನೂರಕ್ಕೆ 8 ಪಾಲು ನೀರಿದೆ. 104 ಬಂತೋ, ಆ ದಪ್ಪದ ಸೌದೆಯೆಲ್ಲ ಕಿಡಿಗೆ ಕಾಯುತ್ತಾ ಕೂತಿದೆ ಅಂತ ಅರ್ಥ. ಲೆಕ್ಕ ಮಾಡಲು ಕಾಗದವೇ ಬೇಡ. ಈಗ ಈ ಕೆಲಸಕ್ಕೆ ಸೆನ್ಸರ್ ಇದೆ. ಆದರೂ ಪಟ್ಟಿಯನ್ನು ಅವರು ವಾಪಸ್ ಇಸಿದುಕೊಂಡು ಡ್ರಾಯರಿನಲ್ಲಿಟ್ಟ ರೀತಿ ನೋಡಬೇಕಿತ್ತು.

ಸ್ಯಾಟಲೈಟು, ಕಂಪ್ಯೂಟರು ಇಷ್ಟೆಲ್ಲ ಇರುವಾಗ ಮನುಷ್ಯರನ್ನು ಯಾಕೆ ಕಾಡಿಗೆ ಕಳಿಸಬೇಕು ಅಂತ ಕೇಳಿದೆ. ಅವರು ಗೋಡೆಯ ಮೇಲಿನ ನಕ್ಷೆಗೆ ಬೆರಳು ಇಟ್ಟರು. ಗಂಟೆಗೊಮ್ಮೆ ಓಡುವ ಅಮೆರಿಕದ ಹವಾಮಾನ ಮಾದರಿ ನೆಲವನ್ನು 3 ಕಿಲೋಮೀಟರಿನ ಚೌಕಗಳಾಗಿ ನೋಡುತ್ತದೆ. ಒಂದು ಚೌಕದೊಳಗೆ ಒಂದು ದಿಣ್ಣೆ, ಎರಡು ಕಮರಿ, ಒಂದು ಹೊಳೆ ಮುಳುಗಿ ಹೋಗಬಹುದು. ನನಗೆ ಮೊನ್ನೆಯ ಸೀಳು ನೆನಪಾಯಿತು. ಅದು ಯಾವ ಚೌಕದಲ್ಲೂ ಕಾಣುತ್ತಿರಲಿಲ್ಲ.

ಆವರಣದಲ್ಲಿ ಕೆಲಸದ ಮೇಲೆ ಸತ್ತವರ ಸ್ಮಾರಕ ಇದೆ. ಕಲ್ಲು, ಹುಲ್ಲು, ನೀರಿನ ಸದ್ದು. ಜಾಸ್ತಿ ಹೊತ್ತು ನಿಲ್ಲಲಿಲ್ಲ. ಎರಡು ದಿನದಲ್ಲಿ ಓದಿದ ಹೆಸರುಗಳೇ ಸಾಕಾಗಿದ್ದವು.

ದಿನ 5: ಹೊಗೆಯ ಕಡೆಗೆ

ಹೊಟೆಲಿನಲ್ಲಿ ಹಲ್ಲುಜ್ಜುವಾಗ ಮಿಂಚಂಚೆ ಬಂತು. ಪೂರ್ವಕ್ಕೆ, ಸಾಲ್ಮನ್ ನದಿಯ ಸೀಮೆಯಲ್ಲಿ ಉರಿಯುತ್ತಿದ್ದ ಒಂದು ಬೆಂಕಿಯ ಮಾಹಿತಿ ಅಧಿಕಾರಿ ಎರಡು ದಿನಕ್ಕೆ ಬನ್ನಿ ಅಂದಿದ್ದರು. ಆ ಬೆಂಕಿಯ ಹೆಸರು ಇಲ್ಲಿ ಬೇಡ. ಸುದ್ದಿಯಾದ ಬೆಂಕಿಯಲ್ಲ, ಯಾರ ಮನೆಯೂ ಸುಡಲಿಲ್ಲ.

ಹೆದ್ದಾರಿ 21 ಗುಡ್ಡಗಳ ನಡುವೆ ಸುತ್ತಿ ಸುತ್ತಿ ಏರುತ್ತದೆ. ಲೋಮನ್ ಹತ್ತಿರ 1989ರಲ್ಲಿ ಸುಟ್ಟ ಕಾಡು. ಈಗ ಮರಿ ಪೈನ್‌ಗಳು ಎದ್ದಿವೆ. ಸ್ಟ್ಯಾನ್ಲಿಯಲ್ಲಿ ಸಾಟೂತ್ ಬೆಟ್ಟಗಳ ಸಾಲು ಕಾಣಬೇಕಿತ್ತು, ತಮ್ಮ ಅದಕ್ಕೇ ಕಾದಿದ್ದ. ಬೆಟ್ಟಗಳ ಜಾಗದಲ್ಲಿ ಬೂದು ಬಣ್ಣದ ಪರದೆ. ಸೂರ್ಯ ತಾಮ್ರದ ಬಿಲ್ಲೆಯ ಹಾಗೆ, ಕಣ್ಣಿಟ್ಟು ನೋಡಬಹುದಾಗಿತ್ತು. ಕಾರಿನ ಕಿಟಕಿ ಮುಚ್ಚಿದ್ದರೂ ವಾಸನೆ ಒಳಗೆ ಬಂತು. ಮೊದಲು ಅದು ಹಿತವಾಗಿಯೇ ಇರುತ್ತದೆ. ಎರಡು ಗಂಟೆ ಆದ ಮೇಲೆ ಗಂಟಲು ಹಿಡಿಯುತ್ತದೆ.

ಕ್ಯಾಂಪು ಇದ್ದದ್ದು ಒಂದು ಸಣ್ಣ ಊರಿನ ಜಾತ್ರೆ ಮೈದಾನದಲ್ಲಿ. ಕುದುರೆ ಕಟ್ಟುವ ಕೊಟ್ಟಿಗೆಯಲ್ಲಿ ನಕ್ಷೆ ಪ್ರಿಂಟ್ ಮಾಡುವ ಯಂತ್ರ. ಬಯಲಿನಲ್ಲಿ ನೂರಾರು ಪುಟ್ಟ ಟೆಂಟು. ಹಳದಿ ಅಂಗಿ, ಹಸಿರು ಪ್ಯಾಂಟು, ಮುಖದ ತುಂಬ ಮಸಿ, ಸಾಲಾಗಿ ಊಟಕ್ಕೆ ನಿಂತ ಹುಡುಗ ಹುಡುಗಿಯರು. ಜನರೇಟರುಗಳ ಗುರ್ರ್ ಸದ್ದು ರಾತ್ರಿಯಿಡೀ ನಿಲ್ಲಲಿಲ್ಲ.

ಮಾಹಿತಿ ಅಧಿಕಾರಿ ನಮ್ಮ ಹೆಸರು ಬರೆದುಕೊಂಡು, ನನ್ನ ಕಾಲು ನೋಡಿದರು. ಬೆಂಕಿ ರೇಖೆಯ ಹತ್ತಿರ ಹೋಗಬೇಕಾದರೆ ಚರ್ಮದ ಬೂಟು ಬೇಕು, ಎಂಟು ಇಂಚು ಎತ್ತರದ್ದು. ಅಂಗಿ, ಹೆಲ್ಮೆಟ್ಟು ಅವರೇ ಕೊಡುತ್ತಾರೆ, ಬೂಟು ನಾವೇ ತರಬೇಕು. ಮಿಂಚಂಚೆಯಲ್ಲಿ ಅದು ಬರೆದಿತ್ತು. ನಾನು ಅರ್ಧ ಓದಿ ಕುಣಿದಿದ್ದೆ. ಕಾಲಿನಲ್ಲಿದ್ದದ್ದು ಓಡುವ ಶೂ, ಅಡಿಯೆಲ್ಲ ಪ್ಲಾಸ್ಟಿಕ್. ಬಿಸಿ ಬೂದಿಯಲ್ಲಿ ಹತ್ತು ನಿಮಿಷಕ್ಕೆ ಕರಗುತ್ತದೆ ಅಂದರು. ತಮ್ಮ ಬೇರೆ ಕಡೆ ತಿರುಗಿ ನಗು ತಡೆದುಕೊಂಡ.

"ಹಾಗಾದರೆ ನೀವು ಐಮೆಟ್ ಟೆಂಟಿನಲ್ಲೇ ಇರಿ," ಅಂದರು. ನನಗೆ ಬೇಕಾಗಿದ್ದೂ ಅದೇ. ಆದರೂ ಪೆಚ್ಚುಮೋರೆ ಹಾಕಿಕೊಂಡೇ ತಲೆಯಾಡಿಸಿದೆ.

ದಿನ 6: ಮುಚ್ಚಳ

ಬೆಳಗ್ಗೆ ಆರಕ್ಕೆ ಬ್ರೀಫಿಂಗ್. ಅದಕ್ಕೆ ಐಮೆಟ್ ಮೂರೂವರೆಗೆ ಎದ್ದಿದ್ದರು. ನಲವತ್ತರ ಆಸುಪಾಸಿನ ಹೆಂಗಸು, ಮೆತ್ತಗಿನ ದನಿ. ಪ್ಲೈವುಡ್ ಹಲಗೆಗೆ ಅಂಟಿಸಿದ ದೊಡ್ಡ ನಕ್ಷೆಯ ಮುಂದೆ ಮುನ್ನೂರು ಜನ ಕಾಫಿ ಹಿಡಿದು ನಿಂತಿದ್ದರು. ಐಮೆಟ್ ಪಾಲಿಗೆ ಸಿಕ್ಕಿದ್ದು ಎರಡೇ ನಿಮಿಷ. ಹೇಳಿದ್ದು ಹೆಚ್ಚುಕಡಿಮೆ ಹೀಗೆ:

"ಈಗ ಹೊಗೆ ಕಣಿವೆಯಲ್ಲಿ ಕೂತಿದೆ. ಹನ್ನೊಂದರ ತನಕ ಬೆಂಕಿ ಸೋಮಾರಿ ಥರ ಇರುತ್ತೆ, ನಂಬಬೇಡಿ. ಹನ್ನೊಂದೂವರೆಗೆ ಮುಚ್ಚಳ ತೆಗೆಯುತ್ತೆ. ಪೂರ್ವದ ದಿಣ್ಣೆ ಮೇಲಿರೋರಿಗೆ ಇನ್ನೂ ಅರ್ಧ ಗಂಟೆ ಮೊದಲೇ. ಆಮೇಲೆ ನೈರುತ್ಯದ ಗಾಳಿ, ಗಂಟೆಗೆ 20 ಮೈಲಿ ತನಕ ಬೀಸು. ನಾಳೆ ಮಧ್ಯಾಹ್ನ ಗುಡುಗು ಇದೆ, ನಾಳೆ ಜಾಸ್ತಿ ಮಾತಾಡೋಣ."

ಅಷ್ಟೇ. ಮಿಲಿಬಾರ್ ಇಲ್ಲ, ವಾಯುಭಾರ ಇಲ್ಲ. ಅದನ್ನೆಲ್ಲ ಹೇಳಿದರೆ ಕೇಳುವವರ ಕಣ್ಣು ಕಾಫಿ ಲೋಟಕ್ಕೆ ಇಳಿಯುತ್ತೆ ಅಂತ ಆಮೇಲೆ ಹೇಳಿದರು. ಎಲ್ಲಿ, ಎಷ್ಟೊತ್ತಿಗೆ, ಎಷ್ಟು. ಈ ಮೂರು ಸಾಕು. ಬರೆದ ಮುನ್ಸೂಚನೆ ದಿನದ ಯೋಜನೆಯ ಪುಸ್ತಿಕೆಯಲ್ಲಿ ಒಂದು ಪುಟವಾಗಿ ಎಲ್ಲರ ಜೇಬಿನಲ್ಲೂ ಇರುತ್ತದೆ.

ಮುಚ್ಚಳ ಅಂದದ್ದು ಯಾಕೆ ಅನ್ನುವುದು ಏಳು ಗಂಟೆಗೆ ಕಣ್ಣಾರೆ ಕಂಡಿತು. ಮೈದಾನದ ಮೂಲೆಯಲ್ಲಿ ಹೀಲಿಯಂ ತುಂಬಿದ ಬೆಲೂನು. ಕೆಳಗೆ ದಾರಕ್ಕೆ ಕಟ್ಟಿದ, ಅಂಗೈಯಲ್ಲಿ ಹಿಡಿಸುವ ಯಂತ್ರ. ತಮ್ಮನ ಕೈಗೆ ಕೊಟ್ಟು, ನಾನು ಹೇಳಿದಾಗ ಬಿಡು ಅಂದರು. ಬಿಟ್ಟ. ಹೊಗೆಯೊಳಗೆ ಸೇರಿ ಮಾಯವಾಯಿತು. ಟೆಂಟಿಗೆ ಓಡಿ ಬಂದು ಲ್ಯಾಪ್‌ಟಾಪು ನೋಡಿದರೆ ಗೆರೆ ಬೆಳೆಯುತ್ತಿತ್ತು. ಮೇಲೆ ಹೋದಂತೆ ತಣ್ಣಗಾಗಬೇಕಲ್ವಾ? ಇಲ್ಲಿ ನೆಲದ ಹತ್ತಿರ ತಂಪು, ಸಾವಿರ ಅಡಿ ಮೇಲೆ ಬೆಚ್ಚಗೆ. ರಾತ್ರಿ ಗುಡ್ಡದಿಂದ ಇಳಿದ ತಣ್ಣನೆ ಗಾಳಿ ಕಣಿವೆಯ ತಳ ಸೇರಿದೆ, ಬೆಚ್ಚನೆ ಗಾಳಿ ಅದರ ಮೇಲೆ ಕೂತಿದೆ. ಹೊಗೆ ಏರಲಾರದು. ಹೊಸ ಗಾಳಿ ಇಳಿಯಲಾರದು. ಬೆಂಕಿ ಉಸಿರುಗಟ್ಟಿ ಮಲಗಿರುತ್ತದೆ. ಬಿಸಿಲಿಗೆ ನೆಲ ಕಾದು ಈ ಮುಚ್ಚಳ ಒಡೆದ ಕ್ಷಣ, ಒಲೆಯ ಬಾಯಿಗೆ ಊದುಕೊಳವೆ ಇಟ್ಟ ಹಾಗೆ.

ಹನ್ನೊಂದೂಕಾಲಿಗೆ ಮೈದಾನ ಬೆಳ್ಳಗಾಯಿತು. ಹನ್ನೆರಡಕ್ಕೆ ದಿಣ್ಣೆಯಾಚೆ ಹೊಗೆಯ ಕಂಬ ಎದ್ದು, ತಲೆಯ ಮೇಲೆ ಹೂಕೋಸಿನ ಹಾಗೆ ಬಿಳಿ ಮೋಡ ಕಟ್ಟಿತು. ಐಮೆಟ್ ಹೊರಗೆ ಬಂದು ಹಣೆಗೆ ಕೈ ಅಡ್ಡ ಇಟ್ಟು ನೋಡಿ, ಗಡಿಯಾರ ನೋಡಿ, ನೋಟ್‌ಬುಕ್ಕಿನಲ್ಲಿ ಹೊತ್ತು ಬರೆದುಕೊಂಡರು. ಹದಿನೈದು ನಿಮಿಷದ ತಪ್ಪಿಗೆ ಬೇಜಾರು ಮಾಡಿಕೊಂಡ ಹಾಗಿತ್ತು.

ಮಧ್ಯಾಹ್ನ ಅವರು ಸೊಂಟಕ್ಕೆ ಕಟ್ಟುವ ಹವಾಮಾನ ಕಿಟ್ ತೋರಿಸಿದರು. ಪ್ರತಿ ತಂಡದಲ್ಲೂ ಒಬ್ಬರ ಬಳಿ ಇದು ಇರುತ್ತದೆ. ಒಂದು ಹಿಡಿಗೆ ಸರಪಳಿಯಲ್ಲಿ ತೂಗುಬಿಟ್ಟ ಎರಡು ಥರ್ಮಾಮೀಟರು. ಒಂದರ ಬುಡಕ್ಕೆ ಹತ್ತಿಯ ಬತ್ತಿ. ಅದನ್ನು ಶುದ್ಧ ನೀರಿನಲ್ಲಿ ಅದ್ದಬೇಕು, ನೆರಳಿನಲ್ಲಿ ಗಾಳಿಗೆ ಮುಖ ಮಾಡಿ ನಿಲ್ಲಬೇಕು, ಹಿಡಿಯನ್ನು ಕೈಯಲ್ಲಿಟ್ಟುಕೊಂಡು ಗಿರಗಿರ ತಿರುಗಿಸಬೇಕು. ನೀರು ಆರಿದಂತೆ ಬತ್ತಿಯ ಕಡೆಯ ಅಂಕಿ ಇಳಿಯುತ್ತದೆ. ಇಳಿಯುವುದು ನಿಂತಾಗ ಓದಬೇಕು. ನನ್ನ ಮೊದಲ ಯತ್ನದಲ್ಲಿ ಅದು ಟೆಂಟಿನ ಕಂಬಕ್ಕೆ ಬಡಿಯುವುದರಲ್ಲಿತ್ತು. ಎರಡನೆಯ ಸಲ ಸಿಕ್ಕಿತು: ಒಣದು 88 ಡಿಗ್ರಿ, ಒದ್ದೆಯದು 58, ಫ್ಯಾರನ್‌ಹೀಟ್‌ನಲ್ಲಿ. ಜೇಬಿನ ಕೋಷ್ಟಕದಲ್ಲಿ ಹುಡುಕಿದರೆ ತೇವಾಂಶ ನೂರಕ್ಕೆ 15. ಇಷ್ಟು ಒಣ ಗಾಳಿಯಲ್ಲಿ ಹುಲ್ಲು ಕಿಡಿ ಬಿದ್ದರೆ ಸಾಕು ಅನ್ನುತ್ತದೆ.

ತಂಡಗಳು ಗಂಟೆಗೊಮ್ಮೆ ಹೀಗೆ ಅಳೆದು ರೇಡಿಯೊದಲ್ಲಿ ಹೇಳುತ್ತವೆ. ಅವರ ಲೆಕ್ಕ ಐಮೆಟ್‌ಗೆ ಬರುತ್ತದೆ, ಅದನ್ನಿಟ್ಟು ಐಮೆಟ್ ತಿದ್ದಿದ ಮುನ್ಸೂಚನೆ ಅವರಿಗೆ ಹೋಗುತ್ತದೆ. ಯಾವುದೋ ಒಂದು ಕಮರಿಗೆ ಮಾತ್ರ ಬೇಕಾದರೆ ಸ್ಪಾಟ್ ಅಂತ ಕೇಳಬಹುದು. ಜಾಗ, ಎತ್ತರ, ಇಳಿಜಾರಿನ ಮುಖ ಯಾವ ಕಡೆ, ಇಷ್ಟು ಕೊಟ್ಟರೆ ಅಷ್ಟಕ್ಕೇ ಬರೆದು ಕೊಡುತ್ತಾರೆ.

ಸಂಜೆ ಊಟದ ಸಾಲಿನಲ್ಲಿ ಐಮೆಟ್ ತಟ್ಟೆ ಹಿಡಿದು ಒಂದೊಂದು ತಂಡದ ಪಕ್ಕ ಕೂತು ಎದ್ದು ಹೋಗುತ್ತಿದ್ದರು. ಹರಟೆ ಅಂದುಕೊಂಡೆ. "ಮೂರಕ್ಕೆ ದಿಣ್ಣೆ ಮೇಲೆ ಗಾಳಿ ಯಾವ ಕಡೆಯಿಂದ ಬಂತು?" ಅದೇ ಪ್ರಶ್ನೆ, ಐದು ಕಡೆ. ಒಬ್ಬ ಹುಡುಗ, ನೀವು ಹೇಳಿದ್ದಕ್ಕೆ ಉಲ್ಟಾ ಬಂತು ಮೇಡಂ ಅಂದ. ಅವರಿಗೆ ಹಬ್ಬದ ಖುಷಿ. ಅವನ ಕೈಲೇ ನಕ್ಷೆಯ ಮೇಲೆ ಗುರುತು ಹಾಕಿಸಿಕೊಂಡರು.

ದಿನ 7: ಗುಡುಗು

ಬೆಳಗ್ಗಿನ ಬ್ರೀಫಿಂಗಿನಲ್ಲಿ ಅವರ ಮಾತು ಇನ್ನೂ ಚಿಕ್ಕದಿತ್ತು. ಮಧ್ಯಾಹ್ನ ಎರಡರಿಂದ ಐದರವರೆಗೆ ಗುಡುಗುಮೋಡಗಳಿಂದ ಗಾಳಿ ಚೆಲ್ಲಬಹುದು, ಯಾವ ಕಡೆಯಿಂದ ಬೇಕಾದರೂ, ಗಂಟೆಗೆ 40 ಮೈಲಿ ತನಕ. ತಪ್ಪಿಸಿಕೊಳ್ಳುವ ದಾರಿ ಈಗಲೇ ನೋಡಿಟ್ಟುಕೊಳ್ಳಿ.

ಒಂದರ ಹೊತ್ತಿಗೆ ಟೆಂಟಿನಲ್ಲಿ ಯಾರೂ ತಮಾಷೆ ಮಾಡುತ್ತಿರಲಿಲ್ಲ. ಪಕ್ಕದಲ್ಲೇ ಬೆಂಕಿಯ ನಡೆ ಲೆಕ್ಕ ಹಾಕುವವರು, ಕ್ಯಾಂಪಿನ ಭಾಷೆಯಲ್ಲಿ ಎಫ್‌ಬ್ಯಾನ್. ಇಬ್ಬರೂ ಒಂದೇ ರಾಡಾರ್ ಪರದೆ ನೋಡುತ್ತಿದ್ದರು. ನೈರುತ್ಯಕ್ಕೆ 40 ಮೈಲಿ ದೂರದಲ್ಲಿ ಮೂರು ಚುಕ್ಕೆ ಎದ್ದವು. ಎರಡು ಆರಿದವು. ಒಂದು ದಪ್ಪಗಾಯಿತು.

"ಈಗ ಹೇಳಿದರೆ ಅವರು ಅರ್ಧ ದಿನದ ಕೆಲಸ ಬಿಟ್ಟು ಬರಬೇಕು," ಅಂದರು ಐಮೆಟ್, ನನಗೋ ತಮಗೋ ಗೊತ್ತಾಗಲಿಲ್ಲ. "ಕಾದು ನೋಡಿದರೆ, ಇಳಿಯೋಕೇ ಅವರಿಗೆ ನಲವತ್ತು ನಿಮಿಷ ಬೇಕು."

ಎರಡೂ ನಲವತ್ತಕ್ಕೆ ಎದ್ದು, ನಡೆಯಲಿಲ್ಲ, ಓಡಿದರು. ರೇಡಿಯೊ ಟೆಂಟು ಮೂವತ್ತು ಹೆಜ್ಜೆ. ಎಲ್ಲ ಚಾನೆಲ್‌ನಲ್ಲೂ ಒಮ್ಮೆಗೇ ಹೋಯಿತು: ಮೂರೂವರೆ ಹೊತ್ತಿಗೆ ಪಶ್ಚಿಮದಿಂದ ಜೋರು ಗಾಳಿ. ಆಮೇಲೆ ಒಂದೊಂದು ವಿಭಾಗದವರೂ ಕೇಳಿಸಿತು ಅಂತ ಬಾಯಿಬಿಟ್ಟು ಹೇಳಬೇಕು. ಎ, ಕೇಳಿಸಿತು. ಸಿ, ಕೇಳಿಸಿತು. ಎಫ್ ಸುಮ್ಮನಿತ್ತು. ಮತ್ತೆ ಕರೆದರು. ಸುಮ್ಮನಿತ್ತು. ನಾನು ಉಸಿರು ಹಿಡಿದುಕೊಂಡಿದ್ದೇನೆ ಅನ್ನುವುದು ಆಮೇಲೆ ತಿಳಿಯಿತು. ಮೂರನೇ ಸಲಕ್ಕೆ ಗರಗರ ಸದ್ದಿನ ನಡುವೆ ಒಂದು ದನಿ: ಎಫ್, ಕೇಳಿಸಿತು, ಇಳಿಯುತ್ತಾ ಇದ್ದೇವೆ.

ಮೂರೂವರೆ ಆಯಿತು. ಏನೂ ಇಲ್ಲ. ಮೂರೂಮುಕ್ಕಾಲು. ಟೆಂಟಿನ ಬಾಗಿಲ ಬಟ್ಟೆ ಒಮ್ಮೆ ಹಾರಿತು. ಹತ್ತು ನಿಮಿಷ ಧೂಳು ಎದ್ದು, ಯಾರದೋ ಟೋಪಿ ಮೈದಾನದ ಉದ್ದಕ್ಕೂ ಉರುಳಿತು. ತಮ್ಮ ಓಡಿ ಹೋಗಿ ಹಿಡಿದ. ಅಷ್ಟಕ್ಕೆ ನಿಂತಿತು. ರಾಡಾರಿನ ಚುಕ್ಕೆ ನಮ್ಮನ್ನು ಮುಟ್ಟುವ ಮೊದಲೇ ಸೊರಗಿ ಹೋಗಿತ್ತು. ಐಮೆಟ್ ಕುರ್ಚಿಯಲ್ಲಿ ಒರಗಿ ಎರಡೂ ಕೈಯಿಂದ ಮುಖ ಉಜ್ಜಿಕೊಂಡರು.

ಏಳು ಗಂಟೆಗೆ ಎಫ್ ವಿಭಾಗದ ಮೇಲ್ವಿಚಾರಕ ಟೆಂಟಿಗೆ ಬಂದ. ದಪ್ಪ ಮೀಸೆ, ಕತ್ತಿನ ತನಕ ಮಸಿ. ಅವನ ಜನ ಬೆಳಗ್ಗೆಯಿಂದ ಕೆರೆದ ರೇಖೆ ಮುಗಿಯಲು ಕಾಲು ಮೈಲಿ ಇರುವಾಗ ಇಳಿದು ಬಂದಿದ್ದರು. ನಾಳೆ ಮತ್ತೆ ಹತ್ತಬೇಕು. ಬೈಗುಳ ಬರುತ್ತದೆ ಅಂತ ನಾನು ಸ್ವಲ್ಪ ಹಿಂದೆ ಸರಿದೆ. ಐಮೆಟ್ ಕೂಡ ಬೆನ್ನು ನೆಟ್ಟಗೆ ಮಾಡಿ ಕೂತರು.

ಅವನು ಜೇಬಿನಿಂದ ಬೆವರಿಗೆ ಒದ್ದೆಯಾದ ಪುಟ್ಟ ಪುಸ್ತಕ ತೆಗೆದು ಮೇಜಿನ ಮೇಲಿಟ್ಟ. ಗಂಟೆಗಂಟೆಯ ಲೆಕ್ಕ, ಪೆನ್ಸಿಲಿನಲ್ಲಿ. 3:50ರ ಎದುರು: ಗಾಳಿ 18, ನೈರುತ್ಯ ಇದ್ದದ್ದು ವಾಯವ್ಯಕ್ಕೆ ತಿರುಗಿತು.

ಐಮೆಟ್ ಅದನ್ನು ತಮ್ಮ ನೋಟ್‌ಬುಕ್ಕಿಗೆ ನಕಲು ಮಾಡಿಕೊಂಡರು. ಅವನು ಮಡಚುವ ಕುರ್ಚಿ ಎಳೆದು ಕೂತ. ಬೂಟಿನ ದಾರ ಸಡಿಲ ಮಾಡಿದ.

"ನಾಳೆ?" ಅಂದ.

ಅವರು ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿದರು.